ಮೊದಲು ಓದು, ಆಮೇಲೆ ಅರ್ಥ

ಕಳೆದ ಫೆಬ್ರವರಿಯ ಒಂದು ಭಾನುವಾರ ಸಂಜೆ ನಾಲ್ಕೂಕಾಲಿಗೆ ನಾನು ಕಾಪು ಪೇಟೆಯಲ್ಲಿ, ಉಡುಪಿ ಕಡೆಗೆ ಹೋಗುವ ಬಸ್ಸುಗಳು ನಿಲ್ಲುವಲ್ಲಿ, ತಂಗುದಾಣದ ಎರಡನೆಯ ಕಂಬದ ಪಕ್ಕದಲ್ಲಿ ನಿಂತಿದ್ದೆ. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ವಿದ್ಯಾರ್ಥಿ ನಿಂತಿದ್ದ. ನಮ್ಮ ನಡುವೆ ಅಡ್ಡವಾಗಿ ಏನೂ ಇರಲಿಲ್ಲ.

ಅವನ ಊರು ಕಾರ್ಕಳ, ಮಣಿಪಾಲದಲ್ಲಿ ನರ್ಸ್ ಕೆಲಸ. ಗಲ್ಫಿನ ಒಂದು ಆಸ್ಪತ್ರೆ ಅವನನ್ನು ಆರಿಸಿಕೊಂಡಿತ್ತು. ಒಂಬತ್ತು ದಿನ ಬಿಟ್ಟು ವೀಸಾಕ್ಕಾಗಿ ದೇಹದ ತಪಾಸಣೆ ಇತ್ತು.

ನಾನು ಹದಿನೆಂಟು ವರ್ಷ ಗಲ್ಫಿನ ಕಚೇರಿಗಳಲ್ಲಿ ದುಡಿದು ಬಂದವನು. ಈಗ ಉಡುಪಿಯ ಒಂದು ಮಹಡಿ ಕೋಣೆಯಲ್ಲಿ, ಅಲ್ಲಿಗೆ ಹೊರಟವರಿಗೆ ಅರಬಿ ಕಲಿಸುತ್ತೇನೆ. ಮೊದಲ ದಿನ 'ಅರಬಿ' ಎಂಬ ಹೆಸರಿನ ಬಗ್ಗೆ ಹೇಳುವುದುಂಟು. ಅದರ ಮೂಲದ ಬಗ್ಗೆ ತಿಳಿದವರಲ್ಲಿ ಒಮ್ಮತವಿಲ್ಲ. ಮರುಭೂಮಿಯ ಅಲೆಮಾರಿಗಳಿಂದ ಬಂತೆಂದು ಕೆಲವರು ಹೇಳುತ್ತಾರೆ. ಆದರೆ ಅದೇ ಧಾತುವಿನ ಒಂದು ಕ್ರಿಯಾಪದಕ್ಕೆ, ಮನಸ್ಸಿನಲ್ಲಿರುವುದನ್ನು ಸ್ಪಷ್ಟವಾಗಿ ಹೇಳು ಎಂಬ ಅರ್ಥವಿದೆ. ನನಗೆ ಇಷ್ಟವಾದದ್ದು ಅದು. ತರಗತಿಯಲ್ಲಿ ನನ್ನದೊಂದು ನಿಯಮ: ವಾಕ್ಯವನ್ನು ಮೊದಲು ಗಟ್ಟಿಯಾಗಿ ಓದಬೇಕು, ಆಮೇಲೆ ಅರ್ಥ. ಅರ್ಥ ಮೊದಲೇ ತಿಳಿದರೆ ನಾಲಗೆ ಸೋಮಾರಿಯಾಗುತ್ತದೆ.

ರೋಗಿಗಳನ್ನು ಕೇಳಬೇಕಾದ ಪ್ರಶ್ನೆಗಳನ್ನು ನಾನು ಒಂದು ಹಾಳೆಯಲ್ಲಿ ಅರಬಿಯಲ್ಲಿ ಬರೆದುಕೊಟ್ಟಿದ್ದೆ. ಅದನ್ನು ಒಯ್ಯಲೆಂದೇ ಅವನು ಕಾಪುವಿನ ನನ್ನ ಮನೆಗೆ ಬಂದದ್ದು. ಬಸ್ಸು ಹತ್ತಿಸಲು ನಾನೂ ಜೊತೆಗೆ ಬಂದಿದ್ದೆ. ಅವನು ಹಾಳೆ ನೋಡುತ್ತಾ ತುಟಿಯಲ್ಲೇ ಓದಿಕೊಳ್ಳುತ್ತಿದ್ದ. ಎರಡು ಬೈಕುಗಳಲ್ಲಿ ಮೂವರು ಬಂದು ನಿಂತರು. ಒಬ್ಬ ಹಾಳೆ ಕಿತ್ತುಕೊಂಡ.

"ಎಂತ ಮಾರಾಯ ಇದು, ಎರೆಹುಳ ಹರಿದ ಹಾಗೆ ಉಂಟು?"

"ನರ್ಸಿಂಗಿಂದು ಅಣ್ಣ, ಪಾಠ."

"ನರ್ಸಿಂಗ್ ಇಂಗ್ಲಿಷಲ್ಲಿ ಅಲ್ವಾ? ಯಾರನ್ನು ಮಂಗ ಮಾಡ್ತಿ ನೀನು?"

ಮೂವರಲ್ಲಿ ಎತ್ತರದವನಿಗೆ ನನ್ನ ಗುರುತಿತ್ತು. ಹಾಳೆಯನ್ನು ನನ್ನ ಕೈಗೆ ಕೊಟ್ಟ. "ಮಾಷ್ಟ್ರೇ, ನಿಮಗೆ ಬರ್ತದಲ್ವಾ? ಎಂತ ಉಂಟು ಇದ್ರಲ್ಲಿ, ಓದಿ ಹೇಳಿ."

ನಾನು ಓದಿದೆ. "ವೇನ್ ಅಲ್‌ವಜಾ?" ತರಗತಿಯಲ್ಲಿ ಓದುವಷ್ಟೇ ಗಟ್ಟಿಯಾಗಿ. ನೋವು ಎಲ್ಲಿ ಎಂದು ಇದರ ಅರ್ಥ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಓಹೋ, ಮಾಷ್ಟ್ರಿಗೂ ಇದರ ಹುಚ್ಚು ಹಿಡಿದಿದೆ!" ಎಂದು ಎತ್ತರದವನು ಹೆಲ್ಮೆಟ್ ಬೀಸಿದ. ಏಟು ನನಗಲ್ಲ, ನನ್ನ ವಿದ್ಯಾರ್ಥಿಗೆ, ಎಡಗಿವಿಯ ಮೇಲೆ. ಅವನು ಮಂಡಿಯೂರಿದ. ಎರಡನೆಯ ಏಟು ನಾನು ನೋಡಲಿಲ್ಲ, ಕಣ್ಣು ಮುಚ್ಚಿದ್ದೆ, ಶಬ್ದ ಕೇಳಿದೆ. ಮೂರನೆಯದನ್ನು ನೋಡಿದೆ. ಅದು ಬಿದ್ದಾಗ ಅವನು ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಉಳಿದಿಬ್ಬರು ಬೆನ್ನಿಗೆ ಒದ್ದರು. ಎಷ್ಟು ಸಲವೆಂದು ಎಣಿಸಲಾಗಲಿಲ್ಲ. ಕಿವಿಯಿಂದ ರಕ್ತ ಸಣ್ಣಗೆ, ನಿಲ್ಲದೆ, ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ಹಾಳೆ ನನ್ನ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಬಂದ ಬಸ್ಸಿನಿಂದ ಕಂಡಕ್ಟರ್ ಹಾರಿ, "ಸಾಯ್ತಾನೆ, ಬಿಡಿ!" ಎಂದು ನಡುವೆ ನುಗ್ಗಿದರು. ಅವರೂ ಒಂದು ಏಟು ತಿಂದರು. ಮೂವರೂ ಬೈಕು ಹತ್ತಿ ಹೋದರು.

ವಿದ್ಯಾರ್ಥಿಯ ಕಿವಿಯ ತಮಟೆ ಹರಿದಿತ್ತು, ಕಿವಿಯ ಹಿಂದಿನ ಎಲುಬು ಒಡೆದಿತ್ತು. ಎಡಗಿವಿ ಮತ್ತೆ ಕೇಳಲಿಲ್ಲ. ಗಲ್ಫಿನ ಕೆಲಸ ಹೋಯಿತು. ಅವನ ಧರ್ಮ ಯಾವುದೆಂದು ಬಹಳ ಜನ ನನ್ನನ್ನು ಕೇಳಿದ್ದಾರೆ. ನಾನು ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಮುಂದಿನ ತಿಂಗಳು ಕೋರ್ಟಿನಲ್ಲಿ ನನ್ನ ಸಾಕ್ಷ್ಯ. ಅವನು ಬಸ್ಸಿನ ಮೆಟ್ಟಿಲಿನಿಂದ ಬಿದ್ದನೆಂದು ಆ ಕಡೆಯವರ ವಾದ. ಸಾಕ್ಷಿಗಳು ನಿಂತರೆ ಮಾತ್ರ ಅವನಿಗೆ ನ್ಯಾಯ ಸಿಗಬಹುದು. ಮೊನ್ನೆ ನೆರೆಯವರೊಬ್ಬರು ಬಂದು ಕಾಫಿ ಕುಡಿದು ಹೇಳಿದರು, "ನಿಮಗೆ ಕಣ್ಣಿನ ಪೊರೆ ಉಂಟಲ್ವಾ ಮಾಷ್ಟ್ರೇ? ಸರಿ ಕಾಣ್ಲಿಲ್ಲ ಅಂದ್ರೆ ಆಯ್ತಪ್ಪ."

"ಆಪರೇಷನ್ ಆಗಿ ಎರಡು ವರ್ಷ ಆಯ್ತು," ಎಂದೆ.

ನಾನು ಅರಬಿಯಲ್ಲಿ ಓದಿದ್ದನ್ನು ಹೇಳಬೇಕಾಗಿಲ್ಲ ಎಂದು ವಕೀಲರ ಸಲಹೆ. ಅದನ್ನೂ ಹೇಳುತ್ತೇನೆ. ಕನ್ನಡದ ಎರಡು ಪದ ಮೊದಲು ಹೇಳಿದ್ದರೆ ಅವರು ಕೈ ಎತ್ತುತ್ತಿರಲಿಲ್ಲವೋ ಏನೋ, ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನೂ ಹೇಳುತ್ತೇನೆ.

ಕಂಡಕ್ಟರ್ ಮಳೆಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನನ್ನ ಹೊರತಾಗಿ ಕಂಡವರಲ್ಲಿ ಈಗ ಬದುಕಿರುವವರು ಇಬ್ಬರು: ಆ ಬಸ್ಸಿನ ಚಾಲಕ, ಮತ್ತು ತಂಗುದಾಣದ ಮೊದಲನೆಯ ಕಂಬದ ಬುಡದಲ್ಲಿ ಮಲ್ಲಿಗೆ ಮಾರುವ ಹೆಂಗಸು.