ಹುಣಸೆ ಬೀಜದ ಪೋಕರ್

ಐವತ್ತರ ದಶಕದ ಮೊದಲಲ್ಲಿ ನನ್ನನ್ನು ಹೆಗ್ಗಡದೇವನಕೋಟೆಯ ಆಸ್ಪತ್ರೆಗೆ ಹೆರಿಗೆ ನರ್ಸಾಗಿ ಹಾಕಿದರು. ಕಾಡು, ಮಲೇರಿಯಾ ಅಂತ ಉಳಿದವರೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಬೇಡ ಅನ್ನುವವರು ನನಗೆ ಯಾರೂ ಇರಲಿಲ್ಲ, ಹೋದೆ.

ಊರಿನವರು ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಹೆರಿಗೆಗೆ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕೂರಿಸಿ, ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದರು. ಒಂಟಿ ಹೆಂಗಸು, ಸಾಲದ್ದಕ್ಕೆ ಸೂತಕದ ಕೈ. ಒಳಗೆ ಬನ್ನಿ ಅಂದವರು ಕಡಿಮೆ. ಮಧ್ಯಾಹ್ನ ಆಸ್ಪತ್ರೆ ಬಾಗಿಲು ಹಾಕಿದರೆ ಸಂಜೆಯ ತನಕ ಒಂದು ಮಾತೂ ಆಡದೆ ಕಳೆದ ದಿನಗಳು ಎಷ್ಟೋ.

ನನ್ನ ಟ್ರಂಕಿನಲ್ಲಿ ಒಂದು ಇಸ್ಪೀಟು ಕಟ್ಟಿತ್ತು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿದ್ದಾಗ, ಕಾಲು ಮುರಿದು ಮಲಗಿದ್ದ ಕೊಡಗಿನ ಸಿಪಾಯಿಯೊಬ್ಬ ನನಗೆ ಪೋಕರ್ ಕಲಿಸಿದ್ದ. ಹೆಗ್ಗಡದೇವನಕೋಟೆಯಲ್ಲಿ ಜತೆಗಾರರಿಲ್ಲದೆ ಒಬ್ಬಳೇ ಜಗಲಿಯ ಮೇಲೆ ಎಲೆ ಹರಡಿಕೊಂಡು ಕೂರುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ದಿನಸಿ ಅಂಗಡಿಯವರ ಹೆಂಡತಿ, ಹಣೆ ತುಂಬ ವಿಭೂತಿ ಇಟ್ಟ ದಪ್ಪ ಹೆಂಗಸು, ಬೇಲಿಯ ಆಚೆಯಿಂದ ಕೇಳಿದರು.

"ಅದೇನ್ ನರ್ಸಮ್ಮ, ಒಬ್ಬರೇ ಆಡ್ಕತೀರಲ್ಲ. ನಮಗೂ ಏಳ್ಕೊಡಿ."

ಮಾರನೆಯ ದಿನ ಅವರು ಸೊಸೆಯನ್ನೂ, ಹಿಂದಿನ ಬೀದಿಯ ಒಕ್ಕಲಿಗರ ಮನೆಯ ಹೆಂಗಸೊಬ್ಬಳನ್ನೂ ಕರೆದುಕೊಂಡು ಬಂದರು. ಪಣಕ್ಕೆ ಹುಣಸೆ ಬೀಜ. ತಲೆಗೆ ಐದೈದು ಎಲೆ. ಎಲೆ ಚೆನ್ನಾಗಿದ್ದರೆ ಬೀಜ ಮುಂದಕ್ಕೆ ತಳ್ಳಿ, ಇಲ್ಲದಿದ್ದರೆ ಮಗುಚಿಟ್ಟು ಆ ಸುತ್ತು ಬಿಟ್ಟುಬಿಡಿ ಅಂತ ಹೇಳಿಕೊಟ್ಟೆ.

ಬಿಡುವುದು ಮಾತ್ರ ಅವರಿಗೆ ಬರಲೇ ಇಲ್ಲ. "ನೀವ್ ಏನ್ ಇಟ್ಕಂಡಿದೀರೋ ನೋಡ್ದೆ ಎಂಗ್ ಬುಡೋದು?" ಅನ್ನುತ್ತಿದ್ದರು ಅತ್ತೆ. ಕೈಯಲ್ಲಿ ಏನೂ ಇಲ್ಲದೆ ರಾಣಿಯಂತೆ ಕೂತು ನಾನು ಮುಷ್ಟಿ ತುಂಬ ಬೀಜ ಸುರಿದರೂ ಮೂವರೂ ಹೆದರುತ್ತಿರಲಿಲ್ಲ. ಸಿಪಾಯಿ ಆಗಲೇ ಎಚ್ಚರಿಸಿದ್ದ: ಹೊಸಬರನ್ನು ಹೆದರಿಸಲು ಹೋಗಬೇಡ, ಒಳ್ಳೆಯ ಎಲೆ ಬರುವ ತನಕ ಸುಮ್ಮನೆ ಕಾದಿರು. ಹಾಗೇ ಕಾದೆ, ಗೆದ್ದೆ. ಅವರ ಮುಖವೇ ಎಲ್ಲ ಹೇಳುತ್ತಿತ್ತು. ಎಕ್ಕ ಬಂದರೆ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಸೊಸೆ ನಗು ತಡೆಯಲಾರದೆ ತುಟಿ ಕಚ್ಚುತ್ತಿದ್ದಳು. ಸಂಜೆಗೆ ಬೀಜವೆಲ್ಲ ನನ್ನ ಮಡಿಲಲ್ಲಿ. ಮತ್ತೆ ಅವನ್ನೇ ಹಂಚಿ ಕಳಿಸುತ್ತಿದ್ದೆ, ನಾಳೆ ಬರಲಿ ಅಂತ.

ಎರಡು ಬೇಸಗೆ ಹೀಗೆ ನಡೆಯಿತು. ಅಷ್ಟು ಸಂತೋಷದ ಮಧ್ಯಾಹ್ನಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಒಂದು ದಿನ, ಇನ್ನೂ ಪಣ ಏರುವ ಮೊದಲೇ, ಸೊಸೆ ಎಲೆ ಮಗುಚಿಟ್ಟಳು. ಅತ್ತೆ ಒಂದು ಜೋಡಿ ಹತ್ತರಲ್ಲಿ ಗೆದ್ದು ಮಗುವಿನಂತೆ ಚಪ್ಪಾಳೆ ತಟ್ಟಿದರು. ಎಲೆ ಕಲೆಸಲು ಎತ್ತಿಕೊಂಡಾಗ ಸೊಸೆಯ ಕೈ ನೋಡಿದೆ: ಮೂರು ರಾಣಿಗಳು, ಹತ್ತರ ಜೋಡಿಯನ್ನು ಸುಲಭವಾಗಿ ಸೋಲಿಸುವ ಎಲೆ. ಅವಳು ಅಂಗಳದ ಕಡೆ ಮುಖ ಮಾಡಿ ಕೂತಿದ್ದಳು.

ಮಾರನೆಯ ಬೆಳಿಗ್ಗೆ ತಲೆನೋವಿನ ಮಾತ್ರೆಗೆಂದು ಆಸ್ಪತ್ರೆಗೆ ಬಂದಳು.

"ಅಕ್ಕ, ನನ್ನ ತೌರಿಗೆ ಕಳಿಸ್ತಾರಂತೆ. ಮಕ್ಕಳಾಗ್ಲಿಲ್ಲ ಅಂತ. ಅವರಿಗೆ ಬ್ಯಾರೆ ಎಣ್ಣು ನೋಡವ್ರೆ ಕಣಕ್ಕ."

"ಡಾಕ್ಟರಿಗೆ ತೋರಿಸಿದ್ದೀರಾ?"

"ನನ್ನ ತೋರ್ಸವ್ರೆ. ಏನೂ ಇಲ್ಲ ಅಂದ್ರು. ಅವರನ್ನ ಯಾರು ಕೇಳ್ತಾರೆ?"

ಆ ಮಧ್ಯಾಹ್ನ ಅತ್ತೆ ಒಬ್ಬರೇ ಬಂದರು. ನಾನು ಎಲೆ ಹಾಕಲಿಲ್ಲ. "ಅಮ್ಮಾವ್ರೇ, ನಿಮ್ಮ ಮಗನನ್ನೂ ಒಂದು ಸಲ ಮೈಸೂರಿನ ದೊಡ್ಡಾಸ್ಪತ್ರೆಗೆ ತೋರಿಸಿ. ಕೊರತೆ ಗಂಡಸಿನಲ್ಲೂ ಇರಬಹುದು. ಅದು ಗೊತ್ತಾಗುವ ತನಕ ಹುಡುಗಿಯನ್ನು ಕಳಿಸಬೇಡಿ" ಅಂದೆ.

ಅವರ ಮುಖ ಕೆಂಪಾಯಿತು. ಎದ್ದು ನಿಂತರು. "ನೀವು ಎರಿಗೆ ಮಾಡ್ಸಕ್ಕೆ ಬಂದೋರು ಕಣ್ರೀ. ಅಷ್ಟು ನೋಡ್ಕಳಿ. ನಮ್ಮ ಮನೆ ಗಂಡಸರ ಸುದ್ದಿ ನಿಮಗ್ಯಾಕೆ?"

ಅದೇ ಕೊನೆ. ವಾರದೊಳಗೆ ಹುಡುಗಿಯನ್ನು ಕಳಿಸಿಬಿಟ್ಟರು. ಒಕ್ಕಲಿಗರ ಹೆಂಗಸೂ ಬರುವುದನ್ನು ನಿಲ್ಲಿಸಿದಳು. ದಾರಿಯಲ್ಲಿ ಸಿಕ್ಕರೆ "ಕೆಲಸ ಜಾಸ್ತಿ ಕಣ್ರಮ್ಮ" ಅಂದು ತಲೆ ತಗ್ಗಿಸುತ್ತಿದ್ದಳು. ಅಂಗಡಿಯವರು ಸಾಮಾನನ್ನು ಆಳಿನ ಕೈಯಲ್ಲೇ ಕಳಿಸತೊಡಗಿದರು. ಮಗನಿಗೆ ಮತ್ತೊಂದು ಮದುವೆಯಾಯಿತು. ಹೊಸ ಸೊಸೆಗೂ ನಾನು ಅಲ್ಲಿ ಇರುವ ತನಕ ಮಕ್ಕಳಾಗಲಿಲ್ಲ. ಅದನ್ನು ನೋಡಿ ನನಗೆ ಗೆದ್ದ ಹಾಗೇನೂ ಅನಿಸಲಿಲ್ಲ. ಅವಳೂ ಬೇಲಿಯ ಆಚೆ ಬಟ್ಟೆ ಒಣಗಹಾಕುತ್ತಾ ನನ್ನ ಜಗಲಿಯನ್ನು ನೋಡುತ್ತಿದ್ದಳು.

ಮುಂದೆ ನನಗೆ ಕೃಷ್ಣರಾಜನಗರಕ್ಕೆ ವರ್ಗವಾಯಿತು. ಒಮ್ಮೆ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ "ಅಕ್ಕ" ಅಂದರು. ಅವಳೇ, ತೌರಿಗೆ ಕಳಿಸಿದ್ದ ಸೊಸೆ. ಮೈ ಕಪ್ಪಾಗಿತ್ತು, ಸ್ವಲ್ಪ ತುಂಬಿಕೊಂಡಿದ್ದಳು. ಪಿರಿಯಾಪಟ್ಟಣದ ಕಡೆ ಅಣ್ಣನ ಮನೆಯಲ್ಲಿದ್ದಾಳಂತೆ. ಹೊಗೆಸೊಪ್ಪಿನ ಕೆಲಸಕ್ಕೆ ಹೋಗುತ್ತಾಳಂತೆ.

"ಚೆನ್ನಾಗಿದೀಯೇನಮ್ಮ?"

"ಇವ್ನಿ ಅಕ್ಕ. ಅಣ್ಣ ಒಳ್ಳೇವ್ನು, ಅತ್ತಿಗೆನೇ ವಸಿ ಮಾತು ಜಾಸ್ತಿ." ನಕ್ಕಳು. ತುಟಿ ಕಚ್ಚಲಿಲ್ಲ.

ಹೋಟೆಲಿನಲ್ಲಿ ಕಾಫಿ ಕುಡಿದೆವು. ಕೇಳಬೇಕಾದ್ದು ಬಹಳ ಇತ್ತು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಅವಳೇ ಚೀಲ ಹಿಡಿದು ಹತ್ತಿಸಿದಳು. ಬಸ್ಸು ಊರು ದಾಟಿದ ಮೇಲೆ ನೆನಪಾಯಿತು, ಅಣ್ಣನ ಊರು ಯಾವುದು ಅಂತ ಕೇಳಲೇ ಇಲ್ಲ.