ಮರುದೇವಮ್ಮನ ಅರ್ಧ ಸೂರ್ಯ

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಮೈಸೂರಿಗೆ ತರಬೇತಿಗೆ ಹೋಗುವ ತನಕ ಹೊಳೆನರಸೀಪುರದ ಅನಂತರಾಜಯ್ಯನವರು ಬರೀ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ವಯಸ್ಸಾದವರು ಬಾಯಿಬಿಟ್ಟು ಹೇಳದ್ದನ್ನು ಚಿತ್ರ ಬರೆಸಿ ತಿಳಿಯಬಹುದೆಂದು ಅಲ್ಲಿ ಯಾರೋ ಒಂದು ಗಂಟೆ ಉಪನ್ಯಾಸ ಮಾಡಿದ್ದರಂತೆ. ಮೇಷ್ಟ್ರು ವಾಪಸು ಬಂದದ್ದು ಮನಸ್ಸಿನ ಡಾಕ್ಟರಾಗಿ.

ಸ್ಕೂಲು ಬಿಟ್ಟ ಮೇಲೆ ಬೀದಿಯ ಮುದುಕರನ್ನೆಲ್ಲ ತಮ್ಮ ಜಗಲಿಗೆ ಕರೆದು ಸ್ಲೇಟು ಕೊಡತೊಡಗಿದರು. ಅವರಲ್ಲೊಬ್ಬನಾದ ಶಿವಯ್ಯ ಎತ್ತು ಬರೆದಾಗ, ಕುಗ್ಗಿದ ಬಲದ ಕೊರಗು ಎಂದರು. ಅದು ಮಾರಾಟಕ್ಕಿಟ್ಟ ಎತ್ತು, ಗಿರಾಕಿ ಇದ್ದರೆ ಹೇಳಿ ಎಂದು ಶಿವಯ್ಯ ಹೇಳಿದ್ದು ಮೇಷ್ಟ್ರ ಕಿವಿಗೆ ಬೀಳಲಿಲ್ಲ.

ಮೊದಲ ಸ್ಲೇಟು ಯಾವಾಗಲೂ ತಾಯಿ ಮರುದೇವಮ್ಮನಿಗೆ. ಆಕೆ ಬಸದಿಯಲ್ಲಿ ವ್ರತ ಹಿಡಿದವರು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಹಿಂದೆ ಮನೆಮಂದಿಯೆಲ್ಲ ಹೊತ್ತಿರುವಾಗಲೇ ಉಣ್ಣುತ್ತಿದ್ದರು. ನೌಕರಿ ಸಿಕ್ಕಮೇಲೆ ಮೇಷ್ಟ್ರು ದೀಪದ ಬೆಳಕಿನ ಊಟಕ್ಕೆ ಬಡ್ತಿ ಪಡೆದಿದ್ದರು. ಈಗ ಸಭೆ ಮುಗಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಸೊಸೆ ರಾಜೀಮತಿ ಅತ್ತೆಯ ತಟ್ಟೆ ಮುಚ್ಚಿಟ್ಟು ಬಾಗಿಲಿಗೆ ಬಂದು ನಿಂತು, ಗಂಡನ ಕಣ್ಣು ನೋಡಿ ಒಳಗೆ ಹೋಗುತ್ತಿದ್ದಳು. ನಡುವೆ ಎದ್ದರೆ ಮಗನಿಗೆ ಅವಮಾನವಾದೀತೆಂದು ಮರುದೇವಮ್ಮ ಏಳುತ್ತಿರಲಿಲ್ಲ. ದಿನವೂ ಒಂದೇ ಚಿತ್ರ ಬರೆದುಕೊಟ್ಟು, ಹಸಿದೇ ಮಲಗುತ್ತಿದ್ದರು.

ಒಂದು ಸಂಜೆ ಹೆಡ್‌ಮೇಷ್ಟ್ರು ಗಂಗಾಧರಯ್ಯನವರೂ ಬಂದರು. ಮೇಷ್ಟ್ರು ತಾಯಿಯ ಸ್ಲೇಟನ್ನು ಎತ್ತಿ ಹಿಡಿದರು: ಎರಡು ತೆಂಗಿನಮರ, ನಡುವೆ ಅರ್ಧ ಸೂರ್ಯ, ಕೆಳಗೆ ಮುಚ್ಚಿದ ತಟ್ಟೆ. ಬಾಳಿನ ಸಂಜೆ, ಮುಚ್ಚಿಟ್ಟ ದುಃಖ ಎಂದು ವಿವರಿಸುತ್ತಲೇ ಹೋದರು. ಹೆಡ್‌ಮೇಷ್ಟ್ರು ತಲೆದೂಗಿದರು.

ಶಿವಯ್ಯ ಪಡುವಣದ ಕಡೆ ನೋಡುತ್ತಿದ್ದ. "ಸಾ, ಒತ್ತು ಮುಳುಗುದ್ ಮ್ಯಾಕೆ ಅಮ್ಮಾವ್ರು ನೀರೂ ಮುಟ್ಟಕಿಲ್ಲ ಅಂತ ಇಡೀ ಬೀದಿಗೇ ಗೊತ್ತು. ಊಟಕ್ ಬುಡಿ ಸಾ."

ಮೇಷ್ಟ್ರು ತಾಯಿಯ ಕಡೆ ತಿರುಗಿದರು. "ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"

"ದಿನಾ ಇದನ್ನೇ ಬರ್ದು ಕೊಡ್ತಿದೀನಲ್ಲಪ್ಪ."

ಕೈಯಲ್ಲಿದ್ದ ಸ್ಲೇಟನ್ನು ಎಲ್ಲಿಡಬೇಕೆಂದು ಮೇಷ್ಟ್ರಿಗೆ ತೋಚಲಿಲ್ಲ. ಒಳಗೆ ಓಡಿ ತಟ್ಟೆಯನ್ನು ತಾವೇ ತಂದರು. ಅಷ್ಟರಲ್ಲಿ ಎದುರಿನ ತೆಂಗಿನಮರಗಳ ನಡುವೆ ಬರೀ ಕೆಂಪು ಉಳಿದಿತ್ತು. ತಾಯಿ ಆ ಕಡೆ ನೋಡಿ, ತಟ್ಟೆಯನ್ನು ಮತ್ತೆ ಮುಚ್ಚಿದರು. "ನಾಳೆ ಆಯ್ತು ಬಿಡು." ಹೆಡ್‌ಮೇಷ್ಟ್ರು ಕಣ್ಣೆದುರಿಗೇ ಇದ್ದ ಚಪ್ಪಲಿಯನ್ನು ಬಹಳ ಹೊತ್ತು ಹುಡುಕಿದರು.

ಆ ರಾತ್ರಿ ಹೊಟ್ಟೆ ಸರಿಯಿಲ್ಲವೆಂದು ಮೇಷ್ಟ್ರೂ ಉಣ್ಣಲಿಲ್ಲ. ಮಾರನೆಯ ದಿನದಿಂದ ಸಭೆಯಿಲ್ಲ. ಸ್ಕೂಲಿನಿಂದ ಬಂದವರೇ, ಬಿಸಿಲಿರುವಾಗಲೇ, ತಾಯಿಯ ಪಕ್ಕ ತಲೆ ತಗ್ಗಿಸಿ ಊಟಕ್ಕೆ ಕೂರುತ್ತಿದ್ದರು. ಯಾರಾದರೂ ಮೈಸೂರಿನ ತರಬೇತಿಯ ಮಾತೆತ್ತಿದರೆ, "ಅಮ್ಮಂಗೆ ಸಾರು ಹಾಕು" ಎಂದು ಹೆಂಡತಿಗೆ ಹೇಳುತ್ತಿದ್ದರು.