ಶಿರಾಳಕೊಪ್ಪದಲ್ಲಿ ದಾರಿ ಹೇಳುತ್ತಿದ್ದವರು

ಶಿರಾಳಕೊಪ್ಪದಲ್ಲಿ ಬಸ್ಸಿಳಿದರೆ ಈಗಲೂ ನನ್ನ ಕಣ್ಣು ಆ ಎಲೆ ಅಡಿಕೆ ಅಂಗಡಿಯವರನ್ನು ಹುಡುಕುತ್ತದೆ. ತೊಂಬತ್ತರ ದಶಕದಲ್ಲಿ ಯಾವ ರಿಪೇರಿಗೆ ಯಾರ ಕೆಲಸ ಚೆನ್ನ ಎಂದು ಹಳ್ಳಿಯವರು ಕೇಳುತ್ತಿದ್ದುದು ಅವರನ್ನೇ. ಎಲೆ ಕತ್ತರಿಸುವ ಕತ್ತರಿಯಿಂದಲೇ ದಾರಿ ತೋರಿಸುತ್ತಿದ್ದರು.

ಪಂಪ್‌ಸೆಟ್ ರಿಪೇರಿಗೆ ಇಳಿದ ಹೊಸದರಲ್ಲಿ ನಾನು ಚೌಕಾಸಿ ಮಾಡಿ, ತಿಂಗಳ ಬಾಡಿಗೆಗೆ ಅವರ ಅಂಗಡಿಯ ಮೇಲೆ ನನ್ನ ಬೋರ್ಡು ಹಾಕಿಸಿದೆ. ನನ್ನ ಕಡೆ ಕಳಿಸಿದ ಗಿರಾಕಿಗೆ ತಲಾ ಐದು ರೂಪಾಯಿಯಂತೆ ಅವರಿಗೆ ಬೇರೆ ಕೊಡುತ್ತೇನೆಂದೆ. ನಕ್ಕು ಎಲೆಗೆ ಸುಣ್ಣ ಹಚ್ಚತೊಡಗಿದರು.

ಒಂದು ದಿನ ಉಡುತಡಿಯ ರೈತನೊಬ್ಬ ಸುಟ್ಟ ಮೋಟರು ಹೊತ್ತು ಎಲೆ ಅಂಗಡಿಗೆ ಬಂದು, ರಿಪೇರಿಗೆ ಯಾರಿಗೆ ಕೊಡಲಿ ಎಂದು ಕೇಳಿದ. ನನ್ನೆದುರೇ ಕತ್ತರಿ ಸೊರಬ ರಸ್ತೆಯ ಹಳೇ ಮೇಸ್ತ್ರಿಯ ಕಡೆ ತಿರುಗಿತು.

“ಏನ್ರೀ ಇದು? ಬಾಡಿಗೆ ನಂದು, ಗಿರಾಕಿ ಅವ್ರಿಗಾ?” ಎಂದೆ.

“ಬಾಡಿಗೆ ತಗೊಂಡಿದ್ದು ಬೋರ್ಡಿಗ್ರೀ, ಬಾಯಿಗಲ್ಲ. ನೀವು ತಂತಿ ಸುತ್ತಿದ ಮೋಟರು ಹದಿನೈದು ದಿನಕ್ಕೇ ಸುಡ್ತಾವೆ. ಬೈಯೋಕೆ ರೈತ್ರು ನನ್ನ ಹತ್ರ ಬರ್ತಾರೆ. ಮೊದ್ಲು ಕೆಲ್ಸ ಕಲೀರಿ, ಸಾವ್ಕಾರ್ರೆ!”

ಸಿಟ್ಟು ಬಂತು. ಆದರೂ ದಾವಣಗೆರೆಗೆ ಹೋಗಿ ಮೂರು ತಿಂಗಳು ಮೋಟರು ಸುತ್ತುವುದನ್ನು ಕಲಿತು ಬಂದೆ. ವ್ಯಾಪಾರಕ್ಕಿಳಿಯುವವರಿಗೆ ಹೇಳುತ್ತೇನೆ, ಎಲ್ಲದರಲ್ಲೂ ಚೌಕಾಸಿ ಮಾಡಿ, ಕಲಿಯುವ ಖರ್ಚಿನಲ್ಲಿ ಮಾತ್ರ ಬೇಡ.

ಮರುವರ್ಷ ಈಸೂರಿನ ಅಜ್ಜನೊಬ್ಬ ನನ್ನ ಅಂಗಡಿಯಲ್ಲಿ ಮೋಟರು ಇಳಿಸುತ್ತ, “ಎಲೆ ಅಂಗ್ಡಿಯೋರು ನಿಮ್ಮ ಕಡೆನೇ ಹೋಗು ಅಂದ್ರಪ್ಪಾ” ಎಂದ.

ಅದನ್ನು ಸುತ್ತಿ, ಎರಡು ಸಲ ಓಡಿಸಿ ನೋಡಿದ ಮೇಲೂ ಕೊಡಲು ಧೈರ್ಯ ಬರಲಿಲ್ಲ. ಮೂರನೆಯ ಸಲ ಓಡಿಸಿದೆ.